ಮದ್ದು ತಿನ್ನದ ಇಲಿಗಳು

ಮೂರನೆಯ ಗಾಜಿನಲ್ಲೂ ಅದೇ ಕಂಡಾಗ ಅವಳು ಸೂಕ್ಷ್ಮದರ್ಶಕದಿಂದ ಮುಖ ಎತ್ತಿದಳು. ಕನ್ನಡಕ ಹಾಕಿಕೊಂಡು, ಗಾಜಿನ ಪಟ್ಟಿಯನ್ನು ಹೊರತೆಗೆದು, ದೀಪಕ್ಕೆ ಹಿಡಿದು, ಅದರ ತುದಿಗೆ ಅಂಟಿಸಿದ್ದ ಚೀಟಿ ನೋಡಿದಳು. ಚೀಟಿ ಅದಲುಬದಲಾಗಿರಲಿಲ್ಲ. ಬಿಳಿ ಚೀಟಿಯೇ. ಹಳದಿ ಚೀಟಿಯ ಇಲಿಗಳಿಗೆ ಸ್ವಲ್ಪ ಮದ್ದು, ಕೇಸರಿಯವಕ್ಕೆ ಇನ್ನಷ್ಟು, ಕೆಂಪಿನವಕ್ಕೆ ಬೇಕಾದಷ್ಟು. ಬಿಳಿಯವಕ್ಕೆ ಬರೀ ಹಿಟ್ಟು, ಮದ್ದಿಲ್ಲ. ಹಾಗಂತ ಎಲ್ಲರೂ ನಂಬಿದ್ದರು.

ಗಾಜನ್ನು ಮತ್ತೆ ಸಿಕ್ಕಿಸಿ ನೋಡಿದಳು. ಇಲಿಯ ಲಿವರಿನ ತೆಳುವಾದ ಚೂರು. ಆರೋಗ್ಯವಾಗಿರುವ ಲಿವರು ಮನಸ್ಸಿಟ್ಟು ಕಟ್ಟಿದ ಇಟ್ಟಿಗೆ ಸಾಲಿನ ಹಾಗಿರುತ್ತದೆ. ಇಲ್ಲಿ ಇಟ್ಟಿಗೆಗಳು ಊದಿಕೊಂಡು ಸಾಲು ತಪ್ಪಿದ್ದವು. ನಡುನಡುವೆ ಕೊಬ್ಬಿನ ಗುಳ್ಳೆಗಳು, ರಕ್ತನಾಳದ ಸುತ್ತ ಸತ್ತ ಜೀವಕೋಶಗಳು. ನಿನ್ನೆಯಿಡೀ ಕೆಂಪು ಚೀಟಿಯ ಗಾಜುಗಳಲ್ಲಿ ಅವಳು ನೋಡಿದ್ದು ಇದನ್ನೇ. ಇಲ್ಲಿ ಪೆಟ್ಟು ಸ್ವಲ್ಪ ಮೆದು, ಅಷ್ಟೇ.

ಅವಳು ಪಶುವೈದ್ಯೆ. ಆದರೆ ಜೀವವಿರುವ ಪ್ರಾಣಿಯನ್ನು ಮುಟ್ಟಿ ವರ್ಷಗಳಾಗಿದ್ದವು. ಹೊಸ ಮಾತ್ರೆಗಳನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿಗಳಿಗೆ ತಿನ್ನಿಸಿ ನೋಡುವ ಆ ಸಂಸ್ಥೆಯಲ್ಲಿ, ಕೊನೆಗೆ ಇಲಿಗಳ ಅಂಗಾಂಗ ನೋಡಿ ಮದ್ದು ಏನು ಮಾಡಿದೆ ಎಂದು ಹೇಳುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಪಟ್ಟಿಗಳ ಮುಂದೆ ಕೂರುತ್ತಿದ್ದರಿಂದ ಅವಳಿಗೆ ಗಾಜಿನ ಮೇಡಂ ಎಂದೇ ಹೆಸರು ಬಿದ್ದಿತ್ತು. ಮುಂಗೋಪಿ ಎಂಬ ಇನ್ನೊಂದು ಹೆಸರೂ ಇತ್ತು, ಅದನ್ನು ಅವಳ ಬೆನ್ನ ಹಿಂದೆ ಮಾತ್ರ ಬಳಸುತ್ತಿದ್ದರು.

ಮದ್ದು ತಿನ್ನದ ಇಲಿಗಳನ್ನು ಅಲ್ಲಿ ಕಂಟ್ರೋಲ್ ಎನ್ನುತ್ತಾರೆ. ಅದೇ ಕೋಣೆ, ಅದೇ ಗಾಳಿ, ಅದೇ ಹಿಟ್ಟು, ಮದ್ದೊಂದು ಬಿಟ್ಟು. ಕೊನೆಯ ದಿನ ಎಲ್ಲ ಗುಂಪುಗಳನ್ನೂ ಕೊಂದು, ಕೊಯ್ದು, ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಮದ್ದು ತಿಂದ ಇಲಿಯ ಲಿವರು ಕೆಟ್ಟು, ತಿನ್ನದ ಇಲಿಯ ಲಿವರು ಚೆನ್ನಾಗಿದ್ದರೆ ತಪ್ಪು ಮದ್ದಿನದು. ಎರಡೂ ಕೆಟ್ಟಿದ್ದರೆ ಮದ್ದು ಬಚಾವು. ಇಷ್ಟೇ ಅದರ ವಿದ್ಯೆ. ಸಂಜೆಯ ಹೊತ್ತಿಗೆ ಬಿಳಿ ಚೀಟಿಯ ಗಾಜುಗಳೆಲ್ಲ ಮುಗಿದವು. ಒಂದೆರಡು ಬಿಟ್ಟು ಮಿಕ್ಕವೆಲ್ಲ ಕೆಟ್ಟಿದ್ದವು.

ಸರಾಸರಿ ಸಾಹೇಬರ ಕೋಣೆಯಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ, ಒಳಗೆ ಹೋದವರು ಮಾತು ಬೇಗ ಮುಗಿಸಿ ಹೊರಗೆ ಬರುತ್ತಿದ್ದರು. ಅವರಿಗೂ ಅದೇ ಬೇಕಿತ್ತು. ಇಡೀ ಪರೀಕ್ಷೆಯ ಹೊಣೆ ಅವರದು. ಯಾರು ಏನು ಹೇಳಿದರೂ "ಸರಾಸರಿ ಎಷ್ಟು?" ಎಂದು ಕೇಳುವುದು ಅವರ ಚಾಳಿ. ಮಗನಿಗೆ ಜ್ವರ ಎಂದು ಹೆಂಡತಿ ಫೋನು ಮಾಡಿದರೂ ಮನೆಮಂದಿಯ ಸರಾಸರಿ ಕೇಳುವ ಆಸಾಮಿ ಎಂದು ಇಲಿಗಳನ್ನು ಸಾಕುವ ಪ್ರಾಣಿಮನೆಯವರು ನಗುತ್ತಿದ್ದರು.

ಅವಳು ಹೇಳಿದ್ದನ್ನೆಲ್ಲ ಕೇಳಿ ಸಾಹೇಬರ ಮುಖ ಅರಳಿತು. ಅದನ್ನು ನೋಡಿಯೇ ಅವಳಿಗೆ ಮೈ ಉರಿಯಿತು.

"ಒಳ್ಳೇ ಸುದ್ದಿನೇ ತಂದಿದೀರಿ! ಕೆಂಪಲ್ಲೂ ಇದೆ, ಬಿಳೀಲೂ ಇದೆ. ಅಂದ್ರೆ ಮದ್ದಿನ ಪಾತ್ರ ಇಲ್ಲ. ಈ ತಳಿ ಇಲಿಗಳ ಲಿವರೇ ಅಷ್ಟು ಅಂತ ಬರೆದುಬಿಡಿ."

"ಈ ತಳೀನ ನಾನು ಇವತ್ತು ನೋಡ್ತಿಲ್ಲ ಸರ್. ಇಷ್ಟು ವರ್ಷದಲ್ಲಿ ಬಿಳಿ ಗುಂಪಿನ ಒಂದೇ ಒಂದು ಲಿವರೂ ಹೀಗಿರಲಿಲ್ಲ."

"ಈ ಸಲ ಇದೆ. ಪ್ರಾಣಿ ಅಂದ್ಮೇಲೆ ಹೆಚ್ಚುಕಮ್ಮಿ ಇರುತ್ತಪ್ಪ."

"ಹೆಚ್ಚುಕಮ್ಮಿ ಅಲ್ಲ ಇದು. ಕೆಂಪಲ್ಲಿರೋ ಕಾಯಿಲೇನೇ ಬಿಳೀಲಿದೆ. ಬಿಳಿ ಗುಂಪಿನ ರಕ್ತ ಇನ್ನೂ ಫ್ರೀಜರಲ್ಲಿದೆಯಲ್ಲ, ಅದ್ರಲ್ಲಿ ಮದ್ದು ಸೇರಿದೆಯಾ ಅಂತ ಒಂದ್ಸಲ ನೋಡಿಸಿ."

ಸಾಹೇಬರು ಕುರ್ಚಿಗೆ ಒರಗಿ ನಕ್ಕರು. "ಮದ್ದೇ ತಿನ್ನದವರ ರಕ್ತದಲ್ಲಿ ಮದ್ದು ಹುಡುಕ್ತಾರೇನ್ರೀ? ಉಪವಾಸ ಇರೋನ ಹಲ್ಲಿನ ಸಂದೀಲಿ ಊಟ ಹುಡುಕಿದ ಹಾಗಾಯ್ತು." ತಮ್ಮ ಮಾತು ತಮಗೇ ಹಿಡಿಸಿ ಇನ್ನೊಮ್ಮೆ ನಕ್ಕರು. ಆಮೇಲೆ ನಗು ಮಡಿಚಿಟ್ಟು ಹೇಳಿದರು: "ನಾಳೆ ಮಧ್ಯಾಹ್ನ ಮದ್ದಿನ ಕಂಪನಿಯವರು ಬರ್ತಾರೆ. ಅಷ್ಟರೊಳಗೆ ನಿಮ್ಮ ವರದಿ, ಕೆಳಗೆ ನಿಮ್ಮ ಸಹಿ. ಇಲ್ದೇ ಇರೋ ಭೂತಾನ ಎಬ್ಬಿಸ್ಬೇಡಿ."

ಅದು ಮಂಡಿನೋವಿನ ಮಾತ್ರೆ. ಅವಳ ಸಹಿ ಬಿದ್ದರೆ ಮದ್ದು ಇಲಿಗಳ ಬಾಯಿಯಿಂದ ಮನುಷ್ಯರ ಬಾಯಿಗೆ ಹೋಗುತ್ತದೆ. ಮೊದಲು, ಒಪ್ಪಿ ಬಂದ ಕೆಲವು ಗಟ್ಟಿಮುಟ್ಟಾದ ಜನ. ಅವರ ಲಿವರನ್ನು ಯಾರೂ ಕೊಯ್ದು ಗಾಜಿನ ಮೇಲೆ ಹರಡಿ ನೋಡುವುದಿಲ್ಲ. ಕಣ್ಣು ಹಳದಿಯಾದ ಮೇಲೆಯೇ ಗೊತ್ತಾಗಬೇಕು. ಕಾರಿಡಾರಿನಲ್ಲಿ ನಡೆಯುವಾಗ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಎದುರಿಗೆ ಬಂದ ಗುಮಾಸ್ತ "ನಮಸ್ಕಾರ ಮೇಡಂ" ಎಂದವನು ಅವಳ ಮುಖ ನೋಡಿ ಗೋಡೆಗೆ ಸರಿದು ದಾರಿ ಬಿಟ್ಟ.

ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಅಮ್ಮ ಮಂಡಿನೋವಿನಿಂದ ಕೆಳಗಿಳಿಯುವುದನ್ನೇ ಬಿಟ್ಟು, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಇಡೀ ಬೀದಿಯ ವ್ಯವಹಾರವನ್ನು ಮೇಲಿನಿಂದಲೇ ನೋಡಿಕೊಳ್ಳುತ್ತಿದ್ದಳು. ತರಕಾರಿ ಗಾಡಿಯವನ ಜೊತೆ ಚೌಕಾಸಿಯೂ ಅಲ್ಲಿಂದಲೇ, ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟು.

"ಬಂದ್ಯಾ? ನಿಮ್ಮ ಮಾತ್ರೆ ಬಂತಾ?" ಇದು ಅಮ್ಮನ ದಿನದ ಪ್ರಶ್ನೆ. ಮಗಳೂ ಮಗನೂ ಕೆಲಸ ಮಾಡುವ ಜಾಗದಲ್ಲಿ ತನ್ನ ಮಂಡಿಗಾಗಿಯೇ ಮದ್ದು ತಯಾರಾಗುತ್ತಿದೆ ಎಂದು ಅವಳು ನೆರೆಹೊರೆಗೆಲ್ಲ ಸಾರಿಬಿಟ್ಟಿದ್ದಳು.

"ಬರಲಿಲ್ಲಮ್ಮ."

"ಇಲಿಗಳಿಗೆ ಮಾತ್ರ ಬೇಕಾದಷ್ಟು ಕೊಡ್ತೀರ. ಹೆತ್ತವಳಿಗೆ ಒಂದು ಕೊಡೋಕಾಗಲ್ಲ."

ಅಡುಗೆಮನೆಯಲ್ಲಿ ತಮ್ಮ ಈರುಳ್ಳಿ ಹೆಚ್ಚುತ್ತಿದ್ದ. ಅವನೂ ಅಲ್ಲಿಯೇ, ಹಿಟ್ಟಿನ ಕೋಣೆಯಲ್ಲಿ ಇಲಿಗಳ ಆಹಾರಕ್ಕೆ ಮದ್ದು ಬೆರೆಸುವ ಕೆಲಸಗಾರ. ಮೂವತ್ತು ದಾಟುವವರೆಗೆ ಯಾವ ಕೆಲಸದಲ್ಲೂ ಕಾಲೂರದೆ, ಹೋದಲ್ಲೆಲ್ಲ ಜಗಳ ಮಾಡಿಕೊಂಡು ಬರುತ್ತಿದ್ದವನನ್ನು ಅವಳೇ ಹೇಳಿಸಿ ಸೇರಿಸಿದ್ದಳು. ಇಲ್ಲಿ ಮಾತ್ರ ಅವನು ನಿಂತಿದ್ದ. ಸಂಬಳದ ದಿನ ಅಮ್ಮನಿಗೆ ಹಣ್ಣು ತರುತ್ತಿದ್ದ, ಬೆಳಿಗ್ಗೆ ಅಕ್ಕನ ಸ್ಕೂಟರು ಒರೆಸಿ ಇಡುತ್ತಿದ್ದ. ಕೆಲಸ ಎಂಬುದು ಅವನನ್ನು ನೋಡನೋಡುತ್ತಲೇ ಮನುಷ್ಯನನ್ನಾಗಿ ಮಾಡಿತ್ತು.

ಅವಳು ಕೈತೊಳೆದು ಬಂದು, ಸುಮ್ಮನೆ ಕೇಳುವವಳ ಹಾಗೆ ಕೇಳಿದಳು. "ಹಿಟ್ಟು ಹೇಗೆ ಬೆರೆಸ್ತೀಯೋ ನೀನು? ಯಾವುದು ಮೊದಲು?"

ಅವನಿಗೆ ಖುಷಿಯಾಯಿತು. ಅವನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಕೇಳಿದವರಲ್ಲ.

"ಕೆಂಪೇ ಮೊದಲು. ನೋಡಕ್ಕ, ಅದರಲ್ಲೊಂದು ಉಪಾಯ ಇದೆ. ಕೆಂಪು ಹಿಟ್ಟಿನ ಒಂದು ಪೊಟ್ಟಣ ಮೇಲಿನ ಲ್ಯಾಬಿಗೆ ಹೋಗ್ಬೇಕು, ಮದ್ದು ಸರಿಯಾಗಿ ಬೆರೆತಿದೆಯಾ ನೋಡೋಕೆ. ಅವರು ಊಟಕ್ಕೆ ಎದ್ದು ಹೋಗೋದ್ರೊಳಗೆ ಕೊಟ್ರೆ ಅವತ್ತೇ ಉತ್ತರ. ಇಲ್ಲಾಂದ್ರೆ ಮಾರನೇ ದಿನ. ಅದಕ್ಕೆ ಕೆಂಪು ಮುಗಿಸ್ತೀನಿ, ಆಮೇಲೆ ಕೇಸರಿ, ಆಮೇಲೆ ಹಳದಿ. ಬಿಳಿ ಕೊನೇಲಿ. ಬಿಳಿ ಹಿಟ್ಟನ್ನ ಯಾರೂ ಕೇಳೋದೂ ಇಲ್ಲ, ನೋಡೋದೂ ಇಲ್ಲ."

"ಎಲ್ಲಾ ಒಂದೇ ಡ್ರಮ್ಮಲ್ಲಿ ಬೆರೆಸ್ತೀಯಾ?"

"ಮತ್ತೆ? ಇರೋದೇ ಒಂದು."

"ಎರಡಿತ್ತಲ್ಲೋ! ಬಿಳಿಗೆ ಅಂತ ಒಂದು ಬೇರೆ ಇತ್ತು."

"ಅದನ್ನ ಸಾಹೇಬ್ರು ಬೇರೆ ವಿಭಾಗಕ್ಕೆ ಕಳಿಸಿದ್ರಲ್ಲ, ನಾನು ಬರೋ ಮುಂಚೇನೇ. ಇದ್ರಲ್ಲೇ ಮುಗಿಸು ಅಂದ್ರು. ಮುಗಿಸ್ತಿದ್ದೀನಿ. ಮೊನ್ನೆ ಭೇಷ್ ಅಂದ್ರು."

ಅವಳು ಅಡುಗೆಮನೆಯ ಕಟ್ಟೆಯನ್ನು ಹಿಡಿದುಕೊಂಡಳು. "ಕೆಂಪಿಗೂ ಬಿಳಿಗೂ ಮಧ್ಯೆ ತೊಳೀತೀಯಾ?"

"ತೊಳೆದ್ರೆ ಒಣಗೋಕೆ ಅರ್ಧ ದಿನ ಬೇಕು. ಒದ್ದೆ ಇದ್ರೆ ಹಿಟ್ಟು ಗಂಟುಕಟ್ಟುತ್ತೆ. ಬ್ರಷ್ ಹಾಕಿ ಉಜ್ಜಿ, ಬಟ್ಟೇಲಿ ಒರೆಸ್ತೀನಿ. ಶನಿವಾರ ಪೂರ್ತಿ ತೊಳೆಯೋದು."

ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಭಾರದ ಕೆಲಸ ಮೊದಲು ಮುಗಿಸಿ ಹಗುರದ್ದನ್ನು ಕೊನೆಗೆ ಇಟ್ಟುಕೊಳ್ಳುವುದು ಬೇರೆ ಯಾವ ಕಸುಬಿನಲ್ಲಾದರೂ ಜಾಣತನವೇ. ಅಲ್ಲಿ ಮೊದಲಿದ್ದ ಮುದುಕ ಬಿಳಿಯಿಂದ ಶುರುಮಾಡಿ ಕೆಂಪಿಗೆ ಬರುತ್ತಿದ್ದ. ಅವನು ನಿವೃತ್ತಿಯಾದ ಮೇಲೆ ಹೊಸಬನಿಗೆ ಆ ಮಾತು ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹೇಳಬೇಕಾದವರು ಸರಾಸರಿ ಲೆಕ್ಕಹಾಕುತ್ತ ಕೂತಿದ್ದರು.

"ಖಾರದಪುಡಿ ಮಾಡಿದ ಮಿಕ್ಸಿ ಜಾರನ್ನ ಬಟ್ಟೇಲಿ ಒರೆಸಿ, ಅದರಲ್ಲೇ ಮಗುವಿಗೆ ಗಂಜಿ ಹಿಟ್ಟು ಮಾಡ್ತೀಯೇನೋ?" ಅವಳ ದನಿ ಬಾಲ್ಕನಿಯವರೆಗೂ ಹೋಯಿತು. "ಮಾಡ್ತೀಯಾ ಹೇಳು! ಮದ್ದಿಲ್ಲದ ಇಲಿಗಳಿಗೆ ಇಷ್ಟು ದಿನ ಮದ್ದು ತಿನ್ನಿಸಿದೀಯಲ್ಲೋ! ಅವುಗಳ ಲಿವರು ನೋಡಿ ಬಂದಿದೀನಿ ನಾನು!"

ಅವನು ಚಾಕು ಕೆಳಗಿಟ್ಟ. "ಏನಕ್ಕ, ಒಂದು ಚೂರು ಪುಡಿ ಅಂಟಿರಬಹುದು. ಅಷ್ಟಕ್ಕೇ..."

"ಆ ಒಂದು ಚೂರು ದಿನಾ ತಿಂದ್ರೆ ಏನಾಗುತ್ತೆ ಅಂತ ಬಾ, ನಾಳೆ ತೋರಿಸ್ತೀನಿ."

"ಇಲಿ ತಾನೇ? ಅದೂ ಬಿಳಿಯವು. ಸುಮ್ಮನೆ ಇರೋವು. ಲೆಕ್ಕಕ್ಕಿಲ್ಲದವು."

"ಲೆಕ್ಕಕ್ಕಿರೋದೇ ಅವು ಕಣೋ!" ಅವಳು ಕಟ್ಟೆಗೆ ಬಡಿದ ಏಟಿಗೆ ಈರುಳ್ಳಿ ಚೂರುಗಳು ನೆಲಕ್ಕೆ ಉದುರಿದವು. "ಅವು ಚೆನ್ನಾಗಿದ್ರೆ ತಾನೇ ಮಿಕ್ಕವಕ್ಕೆ ಏನಾಗಿದೆ ಅಂತ ಗೊತ್ತಾಗೋದು? ಈಗ ಎಲ್ಲಾ ಒಂದೇ ತರ ಕೆಟ್ಟು ಕೂತಿವೆ. ಮದ್ದಿನಿಂದ ಏನೂ ತೊಂದರೆ ಇಲ್ಲ, ಜನಕ್ಕೆ ಕೊಡಿ ಅಂತ ಬರೆಸ್ಕೊಳ್ಳೋಕೆ ಕಾಯ್ತಿದಾರೆ. ಮೊದಲು ನಮ್ಮಮ್ಮನ ಬಾಯಿಗೇ ಬೀಳುತ್ತೆ ಅದು!"

ಅಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಿದ್ದಳು. ಅವಳಿಗೆ ಅರ್ಥವಾದದ್ದು ಅರ್ಧ. ಆದರೆ ಮಗನ ಮುಖ ಸಪ್ಪಗಾದದ್ದು ಪೂರ್ತಿ ಕಂಡಿತ್ತು. "ಊಟದ ಹೊತ್ತಲ್ಲಿ ಇಲಿ ಮಾತು ಯಾಕ್ರೇ? ದುಡಿದು ಬಂದಿರೋ ಹುಡುಗನ ಮೇಲೆ ಯಾಕೆ ಹಾರಾಡ್ತೀಯ? ನಿಂಗೆ ಮೊದಲಿಂದಲೂ ಕೋಪ ಮೂಗಿನ ತುದೀಲಿ."

ತಮ್ಮ ಬಗ್ಗಿ ಈರುಳ್ಳಿ ಚೂರುಗಳನ್ನು ಆಯ್ದುಕೊಳ್ಳುತ್ತ, ತಲೆ ಎತ್ತದೆ ಕೇಳಿದ. "ನನ್ನ ಹೆಸರು ಹೇಳ್ತೀಯಾ ಅಕ್ಕ?"

ಅವಳು ಶೆಲ್ಫಿನಿಂದ ಮೂರು ತಟ್ಟೆ ತೆಗೆದಳು.

"ಹೇಳಲ್ಲ. ಹೇಗೆ ಹೇಳ್ತಾಳೆ? ಒಡಹುಟ್ಟಿದವಳು," ಎಂದಳು ಅಮ್ಮ, ಮಗಳ ಮುಖವನ್ನೇ ನೋಡುತ್ತ.

ಮೂವರೂ ಊಟಕ್ಕೆ ಕೂತರು. ಬಡಿಸಿದ್ದನ್ನು ಯಾರೂ ಪೂರ್ತಿ ತಿನ್ನಲಿಲ್ಲ. ಅವಳಿಗೆ ತಮ್ಮನ ಮೇಲೆ ಸಿಟ್ಟಿತ್ತು, ಸಾಹೇಬರ ಮೇಲೆ ಅದರ ಹತ್ತರಷ್ಟು ಸಿಟ್ಟಿತ್ತು. ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದ ತಮ್ಮನನ್ನು ನೋಡಿ ಕರುಳು ಚುರ್ರೆಂದದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಬೆಳಿಗ್ಗೆ ತಮ್ಮ ಅವಳಿಗೆ ಕಾಯದೆ ಬಸ್ಸಿನಲ್ಲಿ ಹೋಗಿದ್ದ. ಸ್ಕೂಟರಿನ ಸೀಟಿನ ಮೇಲೆ ಧೂಳು ಹಾಗೆಯೇ ಇತ್ತು. ಅವಳು ನೇರವಾಗಿ ಹಿಟ್ಟಿನ ಕೋಣೆಗೆ ಹೋದಳು. ಅವನು ಮೂಟೆ ಹೊರುವ ನೆಪದಲ್ಲಿ ಆಚೆ ತಿರುಗಿ ನಿಂತ. ಡ್ರಮ್ಮು ಹೊಳೆಯುತ್ತಿತ್ತು. ಅವನು ಒರೆಸುತ್ತೇನೆ ಎಂದದ್ದು ಸುಳ್ಳಲ್ಲ. ಅವಳು ಮುಚ್ಚಳ ತೆಗೆದು, ಅದರ ಅಂಚಿನ ರಬ್ಬರ್ ಬಳೆಯನ್ನು ಉಗುರಿನಿಂದ ಎಬ್ಬಿಸಿ, ಕೆಳಗಿನ ಸಂದಿಯಲ್ಲಿ ಬಿಳಿಯ ಬಟ್ಟೆಚೂರು ಎಳೆದಳು. ಬಟ್ಟೆಗೆ ಹಳದಿ ಹತ್ತಿತು. ಮದ್ದಿನ ಬಣ್ಣ ಅದು. ಒಳಗಿನ ಅಲಗುಗಳ ಬುಡದಲ್ಲಿ ಎಳೆದಳು. ಅಲ್ಲೂ ಹಳದಿ.

ಸಾಹೇಬರು ಆಗಲೇ ಟೈ ಕಟ್ಟಿಕೊಂಡು ಕೂತಿದ್ದರು. ಅವಳು ಬಟ್ಟೆಚೂರನ್ನು ಅವರ ಮೇಜಿನ ಗಾಜಿನ ಮೇಲೆ ಹಾಕಿದಳು.

"ಇದು ನಿಮ್ಮ ಬಿಳಿ ಗುಂಪು."

ಅವರು ಅದನ್ನು ಮುಟ್ಟಲಿಲ್ಲ. ಅವಳು ಹೇಳುತ್ತ ಹೋದದ್ದನ್ನು ಕೇಳಿದರು. ಅವರು ದಡ್ಡರಲ್ಲ, ಅರ್ಧಕ್ಕೇ ಅರ್ಥವಾಗಿತ್ತು. ಒಂದು ಕ್ಷಣ ಬೆರಳಿನಿಂದ ಹಣೆ ಒತ್ತಿಕೊಂಡರು. ಆ ಒಂದು ಕ್ಷಣ ಅವಳಿಗೆ, ಈ ಮನುಷ್ಯ ಈಗ ಸರಿಯಾದ ಮಾತು ಆಡುತ್ತಾನೆ ಎಂದು ಅನ್ನಿಸಿತು.

"ಹಿಟ್ಟು ಬೆರೆಸೋದು ನಿಮ್ಮ ತಮ್ಮ ಅಲ್ವಾ?" ಎಂದರು ಸಾಹೇಬರು.

"ಹೌದು."

"ನೀವೇ ಹೇಳಿಸಿ ಸೇರಿಸಿದ್ದು."

"ಹೌದು ಸರ್, ನಾನೇ."

"ಹಾಗಾದ್ರೆ ಬರೀರಿ. ಅವನ ಹೆಸರೂ ಬರೀರಿ. ಅವನ ಬೇಜವಾಬ್ದಾರಿಯಿಂದ ಇಡೀ ಪರೀಕ್ಷೆ ಹಾಳಾಯ್ತು ಅಂತ ಬರೀರಿ. ಸಂಜೆಯೊಳಗೆ ಅವನು ಗೇಟಿನಾಚೆ. ಇಲ್ಲಾ, ಈ ಬಟ್ಟೇನ ಕಸದ ಬುಟ್ಟೀಲಿ ಹಾಕಿ, ಈ ತಳಿ ಇಲಿಗಳ ಲಿವರೇ ಅಷ್ಟು ಅಂತ ಬರೀರಿ. ನಾನು ಬಲವಂತ ಮಾಡಲ್ಲ. ನಿಮ್ಮ ಮನೆ ವಿಷಯ."

ಮನೆ ವಿಷಯ! ತಿಪ್ಪೆ ಸಾರಿಸುವುದರಲ್ಲಿ ಎತ್ತಿದ ಕೈ ಈ ಮನುಷ್ಯನದು ಎಂದು ಅವಳಿಗೆ ಗೊತ್ತಿತ್ತು. ಆದರೆ ಅದಕ್ಕೆ ಅವಳ ಕೈಯನ್ನೇ ಬೇಡುತ್ತಾನೆ ಎಂದುಕೊಂಡಿರಲಿಲ್ಲ. ಅವಳು ಮೇಜಿಗೆ ಎರಡೂ ಕೈ ಊರಿ ಬಗ್ಗಿದಳು.

"ಆ ಇಲಿಗಳನ್ನ ಯಾಕೆ ಕೊಂದ್ವಿ ಸರ್?"

"ಏನು?"

"ಬಿಳಿ ಇಲಿಗಳನ್ನ. ಅವಕ್ಕೆ ಕಾಯಿಲೆ ಇರಲಿಲ್ಲ, ಮದ್ದು ಬೇಕಿರಲಿಲ್ಲ. ಅವುಗಳಿಂದ ನಮಗೆ ಬೇಕಿದ್ದದ್ದು ಒಂದೇ ಒಂದು ಮಾತು. ಮದ್ದಿಲ್ಲದಿದ್ರೆ ಹೀಗಿರ್ತೀವಿ ನೋಡಿ ಅನ್ನೋ ಮಾತು. ಅದೊಂದಕ್ಕೋಸ್ಕರ ಬೆಳೆಸಿ, ಕೊಂದು, ಕೊಯ್ದು, ಚೀಲದಲ್ಲಿ ತುಂಬಿ ಸುಟ್ವಿ. ಆ ಮಾತನ್ನೂ ಹಾಳು ಮಾಡಿ ಕೂತಿದೀವಿ. ಈಗ ಅವುಗಳ ಹೆಸರಲ್ಲಿ ಸುಳ್ಳು ಹೇಳು ಅಂತೀರಲ್ಲ, ನಿಮಗೆ ನಾಚಿಕೆ ಆಗಲ್ವಾ?"

"ದನಿ ತಗ್ಗಿಸಿ."

"ತಗ್ಗಿಸಲ್ಲ. ಎರಡನೇ ಡ್ರಮ್ಮು ಎಲ್ಲಿ ಸರ್? ಯಾರು ಕಳಿಸಿದ್ದು ಅದನ್ನ? ಹೊಸಬನಿಗೆ ಕೆಲಸ ಕಲಿಸದೆ, ಒಂದೇ ಡ್ರಮ್ಮಲ್ಲಿ ಮುಗಿಸು ಅಂದೋರು ಯಾರು? ಅವನ ಹೆಸರು ಬರೆದ್ರೆ ಅದರ ಮೇಲೆ ನಿಮ್ಮ ಹೆಸರು ಬರೀತೀನಿ. ಮೊದಲು ನಿಮ್ಮದು, ಆಮೇಲೆ ಅವನದು. ಕಂಪನಿಯವರ ಮುಂದೆ ಓದಿ ಹೇಳ್ತೀನಿ."

ಹೊರಗೆ ಗುಮಾಸ್ತನ ಟೈಪಿಸುವ ಸದ್ದು ನಿಂತುಹೋಗಿತ್ತು. ಸಾಹೇಬರು ಎದ್ದು ಬಾಗಿಲು ಮುಚ್ಚಿ ಬಂದರು. ಬಟ್ಟೆಚೂರನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ಸರಿಸಿದರು. ಕೊನೆಗೆ ಸಣ್ಣ ದನಿಯಲ್ಲಿ, "ಯಾರ ಹೆಸರೂ ಬೇಡ," ಎಂದರು. "ಡ್ರಮ್ಮಿಂದ ಬೆರೆತಿರಬಹುದು ಅಂತಷ್ಟೇ ಇರಲಿ. ಅವನನ್ನ ತೆಗೆಯಲ್ಲ. ಬೇರೆ ಕಡೆ ಹಾಕ್ತೀನಿ."

ಅವಳು ಒಪ್ಪಿದಳು. ಒಪ್ಪುವಾಗಲೇ ಗೊತ್ತಿತ್ತು, ತಮ್ಮನನ್ನು ಉಳಿಸುವುದಕ್ಕೆ ಈ ಮನುಷ್ಯನನ್ನೂ ಉಳಿಸುತ್ತಿದ್ದೇನೆ ಎಂದು. ಆ ಕಹಿಯನ್ನು ಅವಳು ನುಂಗಿದಳು. ಆಮೇಲೂ ಅದು ಬಾಯಿಂದ ಹೋಗಲಿಲ್ಲ.

ತನ್ನ ಕೋಣೆಗೆ ಹೋಗಿ ವರದಿಯ ಕೊನೆಯ ಪುಟ ತೆಗೆದಳು. ತೀರ್ಮಾನ ಎಂಬ ಪದದ ಕೆಳಗೆ ಅವಳು ಯಾವಾಗಲೂ ಅರ್ಧ ಪುಟ ಬರೆಯುತ್ತಿದ್ದಳು. ಈ ಸಲ ಬರೆದದ್ದು ಎರಡೇ ಸಾಲು. "ಈ ಪರೀಕ್ಷೆಯಲ್ಲಿ ಮದ್ದು ತಿನ್ನದ ಇಲಿಗಳು ಇಲ್ಲ. ಆದ್ದರಿಂದ ಮದ್ದಿನ ಬಗ್ಗೆ ಏನನ್ನೂ ಹೇಳಲಾಗದು." ಅದರ ಕೆಳಗೆ ಹಾಳೆ ಹರಿಯುವ ಹಾಗೆ ಸಹಿ ಹಾಕಿದಳು.

ಮದ್ದಿನ ಕಂಪನಿಯವರು ಬಿಳಿ ಗುಂಪಿನ ರಕ್ತವನ್ನು ತೆಗೆದುಕೊಂಡು ಹೋಗಿ ನೋಡಿಸಿದರು. ಅದರಲ್ಲಿ ಮದ್ದು ಸಿಕ್ಕಿತು. ಪರೀಕ್ಷೆ ಮೊದಲಿನಿಂದ ಆಗಬೇಕೆಂದರು. ಸಂಸ್ಥೆಯ ಕಟ್ಟುನಿಟ್ಟಿನ ತಪಾಸಣೆಯಿಂದ ದೋಷವೊಂದು ಸಕಾಲದಲ್ಲಿ ಬೆಳಕಿಗೆ ಬಂದಿದೆ ಎಂದು ಎಲ್ಲ ವಿಭಾಗಗಳಿಗೂ ಪತ್ರ ಬಂತು. ಕೆಳಗೆ ಸರಾಸರಿ ಸಾಹೇಬರ ಸಹಿ. ಗುಮಾಸ್ತ ಅದನ್ನು ನೋಟೀಸು ಬೋರ್ಡಿಗೆ ಚುಚ್ಚುವಾಗ ಅವಳು ಹಿಂದೆ ನಿಂತು ಓದಿದಳು. "ಪಿನ್ನು ಗಟ್ಟಿಯಾಗಿ ಚುಚ್ಚು, ಬಿದ್ದುಗಿದ್ದೀತು," ಎಂದಳು. ಅವನು ನಗಬೇಕೋ ಬೇಡವೋ ತಿಳಿಯದೆ ಇನ್ನೊಂದು ಪಿನ್ನು ಚುಚ್ಚಿದ.

ತಮ್ಮನನ್ನು ಪಂಜರ ತೊಳೆಯುವ ಕಡೆಗೆ ಹಾಕಿದರು. ಬಿಸಿನೀರಿನ ಹಬೆ, ಇಲಿಗಳ ಉಚ್ಚೆಯ ವಾಸನೆ, ರಬ್ಬರ್ ಬೂಟು. ಅವನು ಕೆಲಸ ಬಿಡಲಿಲ್ಲ. ಆದರೆ ಅಕ್ಕನ ಜೊತೆ ಮಾತು ಬಿಟ್ಟ. ಮನೆಯಲ್ಲಿ ಏನಿದ್ದರೂ ಅಮ್ಮನ ಮೂಲಕ. "ಅವಳಿಗೆ ಹೇಳು, ಗ್ಯಾಸ್ ಮುಗಿದಿದೆ." "ಅವನಿಗೆ ಹೇಳಮ್ಮ, ಬುಕ್ ಮಾಡಿದೀನಿ." ನಡುವೆ ಕೂತ ಅಮ್ಮ ಇಬ್ಬರಿಗೂ ಹೇಳುತ್ತಿರಲಿಲ್ಲ, ಇಬ್ಬರಿಗೂ ಕೇಳಿಸಿಯೇ ಇರುತ್ತಿತ್ತು. ಮಾತ್ರೆ ಬಂತಾ ಎಂದು ಕೇಳುವುದನ್ನು ಮಾತ್ರ ಅವಳು ನಿಲ್ಲಿಸಿದ್ದಳು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವಾಗ ನೋವಿಗಿಂತ ಜೋರಾಗಿ ನರಳುತ್ತಿದ್ದಳು, ಮಗಳಿಗೆ ಕೇಳಲಿ ಎಂದು.

ಹೊಸ ಇಲಿಗಳು ಬಂದವು. ಗಾಳಿಕಿಂಡಿಯಿದ್ದ ಪೆಟ್ಟಿಗೆಗಳನ್ನು ಪ್ರಾಣಿಮನೆಯವರು ಇಳಿಸುವುದನ್ನು ಅವಳು ಕಿಟಕಿಯಿಂದ ನೋಡಿದಳು. ಹಳೆಯವು ಎಷ್ಟಿದ್ದವೋ ಅಷ್ಟೇ ಮತ್ತೆ. ತಾನು ನಿಜ ಹೇಳಿದ್ದರ ಫಲ ಈ ಪೆಟ್ಟಿಗೆಗಳಲ್ಲಿದೆ ಎಂದುಕೊಂಡಳು. ಸುಳ್ಳು ಹೇಳಿದ್ದರೆ ಇವು ಬದುಕುತ್ತಿದ್ದವು, ಅಲ್ಲ, ಬೇರೆ ಯಾವುದೋ ಮದ್ದಿಗೆ ಹೋಗುತ್ತಿದ್ದವು. ಅವಳು ಕಿಟಕಿಯ ಪರದೆ ಎಳೆದು, ಕೆಳಗಿಳಿದು ಹೋಗಿ, ಹಿಟ್ಟಿನ ಕೋಣೆಗೆ ಹೊಸದಾಗಿ ಬಂದವನಿಗೆ ತಾನೇ ನಿಂತು ಹೇಳಿದಳು. "ಬಿಳಿ ಮೊದಲು. ಬೇರೆ ಡ್ರಮ್ಮು. ಯಾರು ಅವಸರ ಮಾಡಿದ್ರೂ ಬಿಳಿ ಮೊದಲು. ಸಾಹೇಬ್ರು ಬಂದು ಹೇಳಿದ್ರೂ ನನ್ನ ಹತ್ರ ಕಳಿಸು." ಎರಡನೆಯ ಡ್ರಮ್ಮು ವಾಪಸು ಬಂದಿತ್ತು. ಅದಕ್ಕಾಗಿ ಅವಳು ಎರಡು ವಿಭಾಗದವರ ಜೊತೆ ಜಗಳವಾಡಿದ್ದಳು.

ಈ ಸಲ ಅವಳು ಗಾಜಿಗೆ ಕಾಯಲಿಲ್ಲ. ವಾರಕ್ಕೊಮ್ಮೆ ಪ್ರಾಣಿಮನೆಗೆ ಹೋಗಿ ನೋಡುತ್ತಿದ್ದಳು. ಕೆಂಪು ಚೀಟಿಯ ಇಲಿಗಳ ಕೂದಲು ಮಂಕಾಗುತ್ತ, ಬೆನ್ನು ಗೂನಾಗುತ್ತ ಬಂತು. ಕೇಸರಿಯವು ಹಿಟ್ಟು ಬಿಟ್ಟವು. ಬಿಳಿಯವು ತಿಂದು, ಮಲಗಿ, ಒಂದರ ಮೇಲೊಂದು ಹತ್ತಿ ಆಡಿ, ಹತ್ತಿಯ ಉಂಡೆಯ ಹಾಗೆ ದುಂಡಗಾದವು. ಮದ್ದಿನ ಕಥೆ ಮುಗಿಯಿತು ಎಂದು ಅವಳಿಗೆ ಆಗಲೇ ಗೊತ್ತಾಯಿತು. ಕಣ್ಣಿಗೆ ಕಂಡದ್ದು ಸಾಕಾಗುವುದಿಲ್ಲ, ಕೊಯ್ದು ತೋರಿಸಬೇಕು.

ಕೊನೆಯ ದಿನ ಪ್ರಾಣಿಮನೆಯಲ್ಲಿ ಇಬ್ಬರು ರಜೆ ಹಾಕಿದ್ದರು. ಪಂಜರಗಳನ್ನು ಕೊಯ್ಯುವ ಕೋಣೆಗೆ ತರಲು ತೊಳೆಯುವ ಕಡೆಯಿಂದ ಒಬ್ಬನನ್ನು ಕಳಿಸಿದರು. ಬಾಗಿಲು ತೆರೆದು ಗಾಡಿ ತಳ್ಳಿಕೊಂಡು ಬಂದವನು ತಮ್ಮ. ಮುಖಕ್ಕೆ ಕವಚವಿತ್ತು. ಅಕ್ಕನನ್ನು ನೋಡಿ ಅವನ ಹೆಜ್ಜೆ ಒಂದು ಗಳಿಗೆ ನಿಂತಿತು, ಮತ್ತೆ ಗಾಡಿ ಮುಂದೆ ಬಂತು. ಗಾಡಿಯ ಮೇಲಿದ್ದವು ಬಿಳಿ ಚೀಟಿಯ ಪಂಜರಗಳು. ಎಲ್ಲವೂ ಬಿಳಿಯಿಂದಲೇ ಶುರುವಾಗಬೇಕೆಂದು ಅವಳೇ ಹೇಳಿದ್ದಳು.

ಸ್ಟೀಲಿನ ಮೇಜು, ಕೊನೆಯ ತೂಕಕ್ಕೆ ತಕ್ಕಡಿ, ಅದರ ಪಕ್ಕ ಕೊಲ್ಲುವುದಕ್ಕೆ ಮುಚ್ಚಳವಿದ್ದ ಗ್ಯಾಸಿನ ಪೆಟ್ಟಿಗೆ. ಕೊಯ್ಯುವವರು ಕೈಗವಸು ಹಾಕಿಕೊಂಡು ಆ ತುದಿಯಲ್ಲಿ ನಿಂತಿದ್ದರು. ಅವನು ಮೊದಲ ಪಂಜರದ ಮುಚ್ಚಳ ತೆಗೆದು ಕೈಹಾಕಿದ. ಇಲಿ ಓಡಲಿಲ್ಲ. ದಿನವೂ ಎತ್ತಿ ತೂಕ ಮಾಡಿಸಿಕೊಂಡು ಅದಕ್ಕೆ ಕೈ ಎಂದರೆ ರೂಢಿಯಾಗಿತ್ತು. ತಾನಾಗಿಯೇ ಅವನ ಅಂಗೈಗೆ ಹತ್ತಿ, ಮಣಿಕಟ್ಟಿನವರೆಗೆ ಬಂದು ಮೂಸಿತು.

ಅವನು ಅದನ್ನು ಕೆಳಗಿಡದೆ ನಿಂತ. ಬೆರಳಿನಿಂದ ಅದರ ಬೆನ್ನು ಮುಟ್ಟಿ ನೋಡಿದ, ಕಿವಿಗಳನ್ನು ನೋಡಿದ, ತಿರುಗಿಸಿ ಹೊಟ್ಟೆ ನೋಡಿದ. ಏನನ್ನೋ ಹುಡುಕಿ ಸಿಗದವನ ಹಾಗೆ ಅಕ್ಕನ ಕಡೆ ನೋಡಿದ.

"ಇದಕ್ಕೇನೂ ಆಗಿಲ್ವಲ್ಲಕ್ಕ," ಎಂದ. ಅಷ್ಟು ತಿಂಗಳ ಮೇಲೆ ಅವಳೊಂದಿಗೆ ಅವನಾಡಿದ ಮೊದಲ ಮಾತು ಅದು.

"ಇಲ್ಲ."

"ಚೆನ್ನಾಗಿದೆಯಲ್ಲ. ಮತ್ತೆ ಯಾಕೆ?"

ಅವಳಿಗೆ ಯಾರ ಮೇಲೆಂದು ಹೇಳಲಾಗದ ಸಿಟ್ಟು ಎದೆಯಿಂದ ಮೇಲ್ಬಂತು. ಬೈಯುವುದಾದರೆ ಈ ಕೋಣೆಯಲ್ಲಿ ತನ್ನನ್ನೇ ಬೈಯಬೇಕಿತ್ತು.

"ಏನೂ ಆಗಿಲ್ಲ ಅಂತ ನೋಡೋಕೇ ಕಣೋ," ಎಂದಳು.

ಅವನು ಇಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಕ್ಕಡಿಯ ತಟ್ಟೆಯ ಮೇಲೆ ಇಳಿಸಿದ. ತಟ್ಟೆ ತಣ್ಣಗಿತ್ತೋ ಏನೋ, ಅದು ಕಾಲು ಎತ್ತಿ ಎತ್ತಿ ಇಟ್ಟು, ಒಂದು ಸುತ್ತು ಬಂದು, ನಡುವೆ ಕೂತು ಎರಡೂ ಮುಂಗಾಲಿನಿಂದ ಮುಖ ಒರೆಸಿಕೊಳ್ಳತೊಡಗಿತು. ಮೂಗು, ಮೀಸೆ, ಕಿವಿಯ ಹಿಂದೆ, ಮತ್ತೆ ಮೂಗು. ಅದು ಅಲುಗಾಡುತ್ತಿದ್ದರಿಂದ ತಕ್ಕಡಿಯ ಅಂಕಿಗಳು ಒಂದು ಕಡೆ ನಿಲ್ಲದೆ ಏರಿಳಿಯುತ್ತಿದ್ದವು. ಅದು ಒರೆಸಿಕೊಂಡು ಮುಗಿಸಲಿ ಎಂದು ಇಬ್ಬರೂ ಕಾದರು.